ನೀರಿಗಿಳಿಸುವ ಕೈ

"ಯಕ್ಕಾ, ಹೆಣ್ಣುಡುಗಿಗಿ ಹಡಗು ಯಾಕ ಬೇಕು?" ಎಂದಳು ವಾಡಿಯ ನನ್ನ ತಂಗಿ. ಅವಳ ಮಗಳು ನೌಕಾಪಡೆಯ ಅಗ್ನಿವೀರ್ ಅರ್ಜಿ ಹಾಕಲು ಹೊರಟಿದ್ದಳು. ಸೇಡಂ, ಚಿಂಚೋಳಿಯ ನೆಂಟರದೂ ಅದೇ ರಾಗ: ಕಡಲನ್ನೇ ಕಾಣದ ಊರಿನವರಿಗೆ ಇದೆಲ್ಲ ಏಕೆ?

ನಾವು ದಿನಾ ಒರೆಸುವ ಶಹಾಬಾದಿನ ಫರಸಿಯೇ ಒಂದು ಕಾಲದ ಆಳವಿಲ್ಲದ ಕಡಲಿನ ತಳ! ಅದಿರಲಿ. 2024ರ ಸೆಪ್ಟೆಂಬರ್ 9ರಂದು ಕೊಚ್ಚಿಯಲ್ಲಿ ನಮ್ಮ ಕರಾವಳಿಯ ಊರುಗಳ ಹೆಸರು ಹೊತ್ತ 'ಮಲ್ಪೆ', 'ಮುಲ್ಕಿ' ಯುದ್ಧನೌಕೆಗಳು ನೀರಿಗಿಳಿದವು. 78 ಮೀಟರ್ ಉದ್ದದ ಇವುಗಳ ಕೆಲಸ, ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಅಡಗಿದ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದು. ಸಂಪ್ರದಾಯದಂತೆ ಅವನ್ನು ನೀರಿಗಿಳಿಸಿದ್ದು ಹೆಣ್ಣುಮಗಳೇ. ಹರಸಲು ನಮ್ಮ ಕೈ ಶುಭ. ಚುಕ್ಕಾಣಿ ಹಿಡಿಯಲು ಮಾತ್ರ ಅಶುಭವೇ?

ನೌಕಾಪಡೆಯೂ ಮೀನಮೇಷ ಎಣಿಸದೆ ಬಿಟ್ಟಿಲ್ಲ. ಮಹಿಳಾ ಅಧಿಕಾರಿಗಳನ್ನು ಸೇರಿಸಿಕೊಂಡದ್ದು 1992ರಲ್ಲಿ. ಒಂದು ಯುದ್ಧನೌಕೆಯ ನಾಯಕತ್ವ ಹೆಣ್ಣಿಗೆ, ಪ್ರೇರಣಾ ದೇವಸ್ಥಳಿಯವರಿಗೆ, ದಕ್ಕಿದ್ದು 2023ರಲ್ಲಿ. ಅದೂ ಕರಾವಳಿ ಕಾಯುವ ಪುಟ್ಟ ನೌಕೆ, 'ಟ್ರಿಂಕಟ್'. ಮೂವತ್ತೊಂದು ವರ್ಷ! ಅಂತೂ ಆ ಬಾಗಿಲು ತೆರೆಯಿತು. ಇನ್ನೂ ತೆರೆಯದಿರುವುದು ನಮ್ಮ ಮನೆಯ ಬಾಗಿಲು. ಅದರ ಚಿಲಕ ಹಾಕಿಕೊಂಡು ಕೂತವರು ನಾವೇ, ತಾಯಂದಿರು, ಅತ್ತೆಯಂದಿರು.

ತಂಗಿಗೆ ಹೇಳಿದೆ: "ಮದುವಿಗಿ ಅಂತ ಕೂಡಿಟ್ಟ ರೊಕ್ಕದಾಗ ಮೊದಲ ಆಕಿಗಿ ಈಜು ಕಲಸು."