ಲೇತ್ ಮನೆಯಲ್ಲಿರಲಿ, ಕ್ರೋಮ್ ತೊಟ್ಟಿ ಬೇಡ

ಬೆಂಗಳೂರಿನ ಯಡಿಯೂರಿನ ಥರ್ಟಿ–ಫಾರ್ಟಿ ಸೈಟಿನ ಮನೆಗಳಲ್ಲಿ ಗ್ಯಾರೇಜ್ ಎಂಬುದು ದೊಡ್ಡ ಮಾತು. ಗೇಟು ತೆಗೆದರೆ ಕಾರು ನಿಲ್ಲಿಸುವಷ್ಟು ಜಾಗ, ನೆಲದಲ್ಲಿ ಸಂಪಿನ ಮುಚ್ಚಳ, ಗೋಡೆ ಪಕ್ಕ ಹಳೆ ಬೆಡ್‌ಶೀಟ್ ಹೊದ್ದ ಒಂದು ಯೆಜ್ಡಿ. ಹಳೆ ಬೈಕಿನ ಹುಚ್ಚು ಹತ್ತಿದವರ ಕಾರ್ಖಾನೆ ಇಷ್ಟರಲ್ಲೇ ನಡೆಯಬೇಕು.

ಹುಚ್ಚಿನ ಮೂಲ ಮೈಸೂರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಮುಂದೆ ಯೆಜ್ಡಿ ಬೈಕು ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಮರಳಿತಾದರೂ ಹೊಸದರದು ಫೋರ್ ಸ್ಟ್ರೋಕ್ ಎಂಜಿನ್. ಹಳೆ ಟೂ ಸ್ಟ್ರೋಕಿಗೆ ಅದರ ಭಾಗಗಳು ಹೊಂದುವುದಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಸಿಗದಿದ್ದರೆ ಮಾಡಿಕೊಳ್ಳುವುದೊಂದೇ ದಾರಿ.

ಶಾಫ್ಟಿನ ಸುತ್ತ ಕೂರುವ ಒಂದು ಬುಷ್ ಅನ್ನೇ ನೋಡಿ. ಗನ್‌ಮೆಟಲ್ ತುಂಡನ್ನು ಲೇತಿನ ಚಕ್‌ಗೆ ಕಚ್ಚಿಸಿ, ಹೊರಮೈ ಟರ್ನ್ ಮಾಡಿ, ಒಳಗೆ ಬೋರ್ ಮಾಡಿ, ಕೊನೆಗೆ ರೀಮರ್ ಹಾಕಬೇಕು. ಲೆಕ್ಕ ಮಿಲಿಮೀಟರಿನ ನೂರನೇ ಒಂದು ಭಾಗದ್ದು. ಸಡಿಲವಾದರೆ ಲಟಪಟ, ಬಿಗಿಯಾದರೆ ಶಾಫ್ಟ್ ಹಿಡಿದುಕೊಳ್ಳುತ್ತದೆ. ಮೂರು ತುಂಡು ಹಾಳಾದ ಮೇಲೆ ನಾಲ್ಕನೆಯದು ಕೂತಾಗಿನ ಸುಖ ದುಡ್ಡು ಕೊಟ್ಟರೆ ಸಿಗುವಂಥದ್ದಲ್ಲ.

ನ್ಯೂಜಿಲೆಂಡಿನ ಬರ್ಟ್ ಮನ್ರೋ ತಮ್ಮ 1920ರ ಇಂಡಿಯನ್ ಸ್ಕೌಟ್ ಬೈಕಿಗೆ ಶೆಡ್ಡಿನಲ್ಲೇ ಪಿಸ್ಟನ್ ಎರಕ ಹೊಯ್ದವರು. 1967ರಲ್ಲಿ ಅಮೆರಿಕದ ಬಾನ್ನೆವಿಲ್ ಉಪ್ಪಿನ ಬಯಲಲ್ಲಿ ಗಂಟೆಗೆ ಸುಮಾರು 295 ಕಿ.ಮೀ. ವೇಗದ ದಾಖಲೆ ಮಾಡಿದಾಗ ಅವರಿಗೆ 68 ವರ್ಷ. ಕೆಟ್ಟುಹೋದ ಬಿಡಿಭಾಗಗಳನ್ನೆಲ್ಲ ವೇಗದೇವರಿಗೆ ಕಾಣಿಕೆಯೆಂದು ಬರೆದು ಹಲಗೆಯ ಮೇಲೆ ಜೋಡಿಸಿಟ್ಟಿದ್ದರು. ನಮ್ಮಲ್ಲಾಗಿದ್ದರೆ ಆಯುಧಪೂಜೆಗೆ ಅರಿಸಿನ–ಕುಂಕುಮವೂ ಬೀಳುತ್ತಿತ್ತು.

ಇಲ್ಲಿಯತನಕ ತಕರಾರಿಲ್ಲ. ಲೇತಿನ ಸದ್ದಿಗೆ ಪಕ್ಕದ ಮನೆಯವರು ಗೊಣಗಿದರೆ ರಾತ್ರಿ ಎಂಟಕ್ಕೆ ಸ್ವಿಚ್ ಆರಿಸಿದರಾಯಿತು. ತಕರಾರು ಶುರುವಾಗುವುದು ಹೊಳಪಿನ ಆಸೆಯಿಂದ.

ಹಿಂದೆ ಕಲಾಯಿಯವರು ತಿದಿ, ತವರ, ನವಸಾಗರ ಇಟ್ಟುಕೊಂಡು ಬೀದಿಯಲ್ಲೇ ಪಾತ್ರೆ ಬೆಳಗಿಸಿ ಕೊಡುತ್ತಿದ್ದರು. ಕ್ರೋಮ್ ಆ ಜಾತಿಯದಲ್ಲ. ಹೊಳೆಯುವ ಹ್ಯಾಂಡಲ್‌ನ ಮೇಲ್ಪದರ ಒಂದು ಮೈಕ್ರಾನಿಗಿಂತಲೂ ತೆಳು. ಅಷ್ಟಕ್ಕಾಗಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ ಕರಗಿಸಿದ ತೊಟ್ಟಿ ಬೇಕು. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಕರೆಂಟ್ ಹರಿದಾಗ ಏಳುವ ಗುಳ್ಳೆಗಳು ಒಡೆದು ಆ ಆಮ್ಲವನ್ನೇ ಮಂಜಿನಂತೆ ಗಾಳಿಗೆ ಎರಚುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಬಾರದು ಎನ್ನುತ್ತದೆ ಭಾರತೀಯ ಮಾನಕ. ಲೆಕ್ಕ ಹಾಕಿದರೆ, ಈ ದ್ರಾವಣದ ಒಂದೇ ಟೀ ಚಮಚ 10,000 ಲೀಟರಿನ ಸಂಪಿಗೆ ಬಿದ್ದರೂ ಮಿತಿ ದಾಟುತ್ತದೆ. ಸಂಪಿನ ಮುಚ್ಚಳವೋ, ಬೈಕಿನ ಪಕ್ಕದಲ್ಲೇ ಇದೆ.

ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಹಳೆ ಕಥೆ. ಕೈಗಾರಿಕೆಗೆಂದೇ ಬಿಟ್ಟುಕೊಟ್ಟ ಜಾಗದ ಪಾಡೇ ಇದು.

ವಿನೆಗರ್, ಸತುವಿನ ತುಂಡು, ಬ್ಯಾಟರಿ ಇಟ್ಟುಕೊಂಡು ಬೋಲ್ಟಿಗೆ ಸತು ಲೇಪಿಸುವುದು ಇಷ್ಟು ಅಪಾಯದ್ದಲ್ಲ. ಅಲ್ಲೂ ಗಟ್ಟಿ ಉಕ್ಕು ಲೇಪನದ ವೇಳೆ ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ. ಕೂಡಲೇ 200 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸದಿದ್ದರೆ ಮುಂದೊಂದು ದಿನ ಹೇಳದೆ ಕೇಳದೆ ಮುರಿಯಬಹುದು. ತುಕ್ಕು ಬಿಡಿಸಲು ವಾಷಿಂಗ್ ಸೋಡಾ ನೀರಿಗೆ ಅಡುಗೆಮನೆಯ ಸ್ಟೀಲ್ ಚಮಚ ಇಳಿಬಿಟ್ಟು ಕರೆಂಟ್ ಕೊಡುವ ಉಪಾಯವೂ ಚಾಲ್ತಿಯಲ್ಲಿದೆ. ಬೇಡ. ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಕ್ರೋಮಿಯಂ ಇದೆ, ಅದೇ ವಿಷವಾಗಿ ನೀರಿಗಿಳಿಯುತ್ತದೆ. ಸಾದಾ ಕಬ್ಬಿಣದ ಸರಳು ಸಾಕು.

ಕ್ರೋಮ್ ಘಟಕ ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ತೊಳೆದ ನೀರನ್ನು ಸಂಸ್ಕರಿಸಲೇಬೇಕು. ಹಾಗಾಗಿ ಆ ಕೆಲಸ ಅಲ್ಲೇ ಆಗಲಿ. ಕಷ್ಟವೆಂದರೆ, ಒಂದೇ ಹ್ಯಾಂಡಲ್ ಹಿಡಿದು ಹೋದವನಿಗೆ ಅಲ್ಲಿ ಮರ್ಯಾದೆ ಕಡಿಮೆ. ಇದಕ್ಕೆ ಮದ್ದು ಸವಾರರ ಕೈಯಲ್ಲೇ ಇದೆ. ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಹೊಗೆ ಬಿಡುತ್ತಾ ಸಾಲುಗಟ್ಟಿ ಹೊರಡುವವರು, ಅದಕ್ಕೆ ಎರಡು ತಿಂಗಳ ಮೊದಲೇ ತಮ್ಮ ಹ್ಯಾಂಡಲ್, ಸೈಲೆನ್ಸರ್, ರಿಮ್‌ಗಳನ್ನು ಒಂದೆಡೆ ಸೇರಿಸಿ ಒಂದೇ ಲೋಡಿನಲ್ಲಿ ಕಳಿಸಲಿ. ಕಳಿಸುವ ಮುನ್ನ ಮಂಡಳಿಯ ಒಪ್ಪಿಗೆ ಪತ್ರವನ್ನೊಮ್ಮೆ ಕೇಳಿ ನೋಡಲಿ.