ಗಿಟಾರಿಗೆ ವೇದಿಕೆಯ ಬಾಗಿಲು ಮುಚ್ಚಬೇಡಿ

ರಾಜ್ಯೋತ್ಸವ ಹತ್ತಿರ ಬಂತೆಂದರೆ ನಮ್ಮ ಸಂಘದಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: "ವೇದಿಕೆಯ ಮೇಲೆ ಎಲೆಕ್ಟ್ರಿಕ್ ಗಿಟಾರ್ ಬೇಡ." ಕಾರಣ ಕೇಳಿದರೆ ಮೂರು ಉತ್ತರಗಳು ಸಿದ್ಧ. ಅದು ಪರಕೀಯ ವಾದ್ಯ. ಅದು ಬರೀ ಗದ್ದಲ. ಅದನ್ನು ಹಿಡಿದ ಮಕ್ಕಳು ನಮ್ಮ ಸಂಗೀತವನ್ನು ಮರೆಯುತ್ತಾರೆ. ಬಂದರು, ನೌಕಾಪಡೆ, ಬ್ಯಾಂಕುಗಳ ನೌಕರಿಗೆಂದು ವಿಲ್ಲಿಂಗ್ಡನ್ ಐಲ್ಯಾಂಡಿಗೆ ಬಂದು ನೆಲೆಸಿದ ನಾವು ಈ ಮೂರನ್ನೂ ಒಪ್ಪುವುದಿಲ್ಲ.

ಮೊದಲು ಪರಕೀಯತೆಯ ಮಾತು. ಪಿಟೀಲು ಯಾವ ಊರಿನದು, ಮಹನೀಯರೇ? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಯುರೋಪಿಯನ್ನರಿಂದ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮುತ್ತುಸ್ವಾಮಿ ದೀಕ್ಷಿತರೇ ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟ್ಟುಸ್ವರಗಳನ್ನು ರಚಿಸಿದರು. ಮೈಸೂರು ಚೌಡಯ್ಯನವರು ಅದೇ ಪರಕೀಯ ಪಿಟೀಲಿಗೆ ಏಳು ತಂತಿ ಕಟ್ಟಿದರು. ಬೆಂಗಳೂರಿನಲ್ಲಿ ಅವರ ಸ್ಮಾರಕ ಭವನವೇ ಪಿಟೀಲಿನ ಆಕಾರದಲ್ಲಿ ನಿಂತಿದೆ. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಅದರಲ್ಲಿ ತ್ಯಾಗರಾಜರನ್ನು ನುಡಿಸಿದರು. 2019ರಲ್ಲಿ ಅವರು ತೀರಿಕೊಂಡಾಗ "ಅದು ಪರಕೀಯ ವಾದ್ಯ" ಎಂದು ಯಾರಾದರೂ ಹೇಳಿದರೆ? ಜಿ. ಕೆ. ವೆಂಕಟೇಶರ ಸಂಗೀತವನ್ನು ಇಂದಿಗೂ ಮೆಲುಕು ಹಾಕುತ್ತೇವೆ. ಅವರ ಬಳಿ ಸಹಾಯಕರಾಗಿ ಗಿಟಾರ್ ನುಡಿಸುತ್ತಿದ್ದವರು ಇಳಯರಾಜ. ಹಾಗೆ ನೋಡಿದರೆ, ನಾವು ಕಾಲೂರಿರುವ ಈ ಐಲ್ಯಾಂಡಿನ ಬಹುಪಾಲು ನೆಲವೇ ಇಲ್ಲಿರಲಿಲ್ಲ. ಬ್ರಿಸ್ಟೋ ಸಾಹೇಬರ ಕಾಲದಲ್ಲಿ ಹಡಗಿನ ದಾರಿಗೆಂದು ಹೂಳೆತ್ತಿ ಸುರಿದ ಮಣ್ಣು ಇದು. ಇದರ ಮೇಲೆ ಮನೆ ಮಾಡಿಕೊಂಡ ನಾವು ಹೊರಗಿನಿಂದ ಬಂದದ್ದು ಬೇಡವೆನ್ನುವುದು ಯಾವ ನ್ಯಾಯ?

ಇನ್ನು ಗದ್ದಲ. ವಾಲ್ಯೂಮ್ ತಗ್ಗಿಸಲು ಒಂದು ಗುಂಡಿ ಇದೆ; ಅದನ್ನು ತಿರುಗಿಸಿದರೆ ಆ ಆಕ್ಷೇಪಣೆ ಮುಗಿಯಿತು.

ಮೂರನೆಯದೇ ಮುಖ್ಯ. ಗಿಟಾರ್ ಕಲಿಯುವ ಹುಡುಗರು ಆರ್ಪೆಜಿಯೊ ಎಂಬುದನ್ನು ಅಭ್ಯಾಸ ಮಾಡುತ್ತಾರೆ. ಒಂದು ಕಾರ್ಡಿನ ಸ್ವರಗಳನ್ನು ಒಟ್ಟಿಗೆ ಮೀಟದೆ, ಹೂ ಪೋಣಿಸಿದಂತೆ ಒಂದಾದ ಮೇಲೊಂದು ನುಡಿಸುವುದೇ ಆರ್ಪೆಜಿಯೊ. ಸಾಮಾನ್ಯವಾಗಿ ಎಲ್ಲರೂ ಮೊದಲು ಕಲಿಯುವುದು ಸ-ಗ-ಪ. ಅದರ ಮೇಲೆ ಕಾಕಲಿ ನಿಷಾದವನ್ನೂ ಮೇಲಿನ ಸ್ಥಾಯಿಯ ಚತುಶ್ರುತಿ ರಿಷಭವನ್ನೂ ಸೇರಿಸಿದರೆ ಸ-ಗ-ಪ-ನಿ-ರಿ ಆಗುತ್ತದೆ. ಪಶ್ಚಿಮದವರು ಇದಕ್ಕೆ ಮೇಜರ್ ನೈಂತ್ ಎನ್ನುತ್ತಾರೆ. ನಾವು ಏನೆನ್ನುತ್ತೇವೆ? ಸ್ವರಗಳನ್ನು ಕ್ರಮವಾಗಿ ಜೋಡಿಸಿ ನೋಡಿ: ಸ-ರಿ-ಗ-ಪ-ನಿ. ಹಂಸಧ್ವನಿ! ರಾಮಸ್ವಾಮಿ ದೀಕ್ಷಿತರು ಕಂಡ ರಾಗ. ಅವರ ಮಗ "ವಾತಾಪಿ"ಯನ್ನು ಕಟ್ಟಿದ ರಾಗ.

ಇದಕ್ಕಿಂತ ಅಪರೂಪದ್ದು ಬೇಕೆ? ಬಾಲಮುರಳಿಕೃಷ್ಣ ಅವರ ಮಹತಿ ರಾಗಕ್ಕೆ ನಾಲ್ಕೇ ಸ್ವರ: ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ. ಗಿಟಾರಿನವರ ಡಾಮಿನೆಂಟ್ ಸೆವೆಂತ್ ಇದೇ. ಆದರೆ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಆ ನಾಲ್ಕು ಸ್ವರಗಳು ಇನ್ನೊಂದು ಕಾರ್ಡಿಗೆ ದಾಟುವ ಹೊಸ್ತಿಲು. ಮಹತಿಯಲ್ಲಿ ಅವೇ ಮನೆ. ಅವರದೇ ಲವಂಗಿ ರಾಗದ ಸ-ರಿ-ಮ-ಧ ಸ್ವರಗಳಲ್ಲಿ ಶುದ್ಧ ರಿಷಭವನ್ನು ಷಡ್ಜವೆಂದು ಭಾವಿಸಿದರೆ ಮೇಜರ್ ಸೆವೆಂತ್ ಎದ್ದುಬರುತ್ತದೆ. ಇದನ್ನು ತಿಳಿದು ನುಡಿಸುವ ಮಗು ನಮ್ಮ ಸಂಗೀತವನ್ನು ಮರೆಯುತ್ತಿದೆಯೋ, ಇಲ್ಲ ನಾವು ಮರೆತದ್ದನ್ನು ನೆನಪಿಸುತ್ತಿದೆಯೋ?

ಗಮಕ ಬರುವುದಿಲ್ಲವೆನ್ನುವವರು ಇದೇ ಕೊಚ್ಚಿಯ ಮದರ್‌ಜೇನ್ ತಂಡದ 2008ರ "ಮಕ್ತೂಬ್" ಕೇಳಲಿ. ಅದರಲ್ಲಿ ಬೈಜು ಧರ್ಮಜನ್ ಗಿಟಾರಿನ ತಂತಿಯನ್ನು ಎಳೆದು, ಜಾರಿಸಿ ಗಮಕ ಹೊರಡಿಸಿದ್ದಾರೆ. ವೀಣೆಗೆ 24 ಮೆಟ್ಟಿಲು. ಎಷ್ಟೋ ಎಲೆಕ್ಟ್ರಿಕ್ ಗಿಟಾರುಗಳಿಗೂ 24. ನೆಂಟಸ್ತನ ಅಷ್ಟೇನೂ ದೂರದ್ದಲ್ಲ.

ಹಾಗೆಂದು ಯುವಕರ ಬೆನ್ನು ತಟ್ಟಿ ಸುಮ್ಮನಾಗಲಾರೆವು. ಅವರಲ್ಲಿ ಅನೇಕರು ಕಲಿಯುವುದು ಬೆರಳಿನ ಆಕಾರವನ್ನು, ಸ್ವರವನ್ನಲ್ಲ. ಮಿಂಚಿನ ವೇಗದಲ್ಲಿ ಆರೂ ತಂತಿಗಳನ್ನು ಗುಡಿಸಿಕೊಂಡು ಹೋಗುತ್ತಾರೆ. ಈಗ ನುಡಿಸಿದ್ದು ಯಾವ ಗಾಂಧಾರವೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಆಕಾರವನ್ನು ನಂಬಿದವರಿಗೆ ಗಿಟಾರೇ ಪಾಠ ಕಲಿಸುತ್ತದೆ. ಅದರ ಅಕ್ಕಪಕ್ಕದ ತಂತಿಗಳ ನಡುವೆ ಐದು ಅರ್ಧಸ್ವರಗಳ ಅಂತರ. ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ಮಾತ್ರ ನಾಲ್ಕು. ಕೆಳಗಿನ ತಂತಿಗಳಲ್ಲಿ ಸರಿಯಾಗಿದ್ದ ಬೆರಳು ಅಲ್ಲಿಗೆ ಬಂದೊಡನೆ ತಪ್ಪುತ್ತದೆ. ಕಿವಿ ಬಲ್ಲವನು ಬೆರಳನ್ನು ಸರಿಸಿಕೊಳ್ಳುತ್ತಾನೆ. ಬೆರಳನ್ನಷ್ಟೇ ಬಲ್ಲವನು ಅಪಸ್ವರ ನುಡಿಸುತ್ತಾನೆ.

ಆದುದರಿಂದ ನಮ್ಮ ಬೇಡಿಕೆ ಇಷ್ಟೆ. ರಾಜ್ಯೋತ್ಸವದ ವೇದಿಕೆಯಲ್ಲಿ ಗಿಟಾರ್ ಕಲಿಯುವ ನಮ್ಮ ಮಕ್ಕಳಿಗೆ ಹದಿನೈದು ನಿಮಿಷ ಕೊಡಿ. ಅವರಿಗೊಂದು ಷರತ್ತನ್ನೂ ಹಾಕಿ: ನುಡಿಸುವ ಮೊದಲು ಆ ಸ್ವರಗಳನ್ನು ಬಾಯಲ್ಲಿ ಹಾಡಬೇಕು, ಹೆಸರನ್ನು ಕನ್ನಡದಲ್ಲಿ ಹೇಳಬೇಕು. ಹಿರಿಯರಿಗೂ ಒಂದು ಷರತ್ತು: ಮುಗಿಯುವ ತನಕ ಎದ್ದು ಹೋಗಬಾರದು.

ನಮ್ಮ ಸಭೆಗಳ ಮುಂದಿನ ಸಾಲುಗಳಲ್ಲಿ ನರೆತ ತಲೆಗಳೇ ತುಂಬಿವೆ. ಹಿಂದಿನ ಸಾಲುಗಳು ಖಾಲಿ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮಲಯಾಳಂ ಆಡುತ್ತಾರೆ. ಕನ್ನಡಕ್ಕೆ ಉಳಿದಿರುವುದು ಮನೆ ಮತ್ತು ಸಂಘ. ಅವರು ಪ್ರೀತಿಸುವ ವಾದ್ಯವನ್ನು ಸಂಘ ಬಾಗಿಲಲ್ಲೇ ತಡೆದರೆ, ವಾದ್ಯದೊಡನೆ ಅವರೂ ಹೊರಗೇ ಉಳಿಯುತ್ತಾರೆ. ಆಮೇಲೆ ರಾಜ್ಯೋತ್ಸವ ಯಾರಿಗಾಗಿ? ಕಾರ್ಯಕಾರಿ ಸಮಿತಿ ಉತ್ತರಿಸಲಿ.