ಬೆಳ್ಳಗಿರುವುದೆಲ್ಲ ಹಾಲೇ?

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಎಚ್ಚರಿಸಿದ್ದು ಮನುಷ್ಯರ ವಿಷಯದಲ್ಲಿ. ಇಂದಿನ ಗೃಹಿಣಿ ಆ ಮಾತನ್ನು ಅಂಗಡಿಯಲ್ಲಿಯೂ ನೆನೆಯಬೇಕಾಗಿದೆ. ಹಸು, ಎಮ್ಮೆಗಳ ಹಾಲಿನ ಪಕ್ಕದಲ್ಲಿಯೇ ಸೋಯಾ, ಬಾದಾಮಿ, ಓಟ್ಸ್‌ಗಳ ಪೇಯಗಳು ಅದೇ ಬಿಳುಪಿನಿಂದ ಕೈಬೀಸಿ ಕರೆಯುತ್ತಿವೆ. ಇವು ಹಾಲಿನ ಸ್ಥಾನವನ್ನು ತುಂಬಬಲ್ಲವೇ?

ಮೊದಲು ಸಸಾರಜನಕವನ್ನು ನೋಡೋಣ. 200 ಮಿಲಿಲೀಟರಿನ ಒಂದು ಲೋಟ ಹಸುವಿನ ಹಾಲಿನಲ್ಲಿ ಅದು ಸುಮಾರು 6 ಗ್ರಾಂ. ಎಮ್ಮೆಯ ಹಾಲಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಜೊತೆಗೆ ಜಿಡ್ಡೂ ಹೆಚ್ಚು. ಹದವಾಗಿ ತಯಾರಿಸಿದ ಸೋಯಾ ಹಾಲು ಮಾತ್ರ ಇದಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆ. ಓಟ್ಸ್ ಪೇಯದಲ್ಲಿರುವುದು ಸುಮಾರು 2 ಗ್ರಾಂ, ಬಾದಾಮಿ ಪೇಯದಲ್ಲಿ ಕೇವಲ 1 ಗ್ರಾಂ. ಬಾದಾಮಿ ಪುಷ್ಟಿಕರವಲ್ಲವೇ ಎಂದರೆ, ಅಹುದು. ಆದರೆ ಪೇಯದ ಬಹುಪಾಲು ನೀರು. ಹತ್ತು ಬಾದಾಮಿಗಳನ್ನು ನೆನೆಸಿ ತಿಂದರೆ ಅಂತಹ ಎರಡು ಲೋಟಗಳಿಗಿಂತ ಹೆಚ್ಚು ಸಸಾರಜನಕ ದೊರೆಯುತ್ತದೆ. ಗಟ್ಟಿ ಕಾಯಿಹಾಲಿನಲ್ಲಿ ಮುಖ್ಯವಾಗಿರುವುದು ಜಿಡ್ಡು. ಅದು ಪಾಯಸಕ್ಕೆ ಭೂಷಣವೇ ಹೊರತು ದಿನನಿತ್ಯದ ಲೋಟಕ್ಕಲ್ಲ.

ಇನ್ನು ಕ್ಯಾಲ್ಸಿಯಂ. ಒಂದು ಲೋಟ ಹಸುವಿನ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದ್ದರೆ, ಮನೆಯಲ್ಲಿ ಅರೆದ ಸೋಯಾ ಹಾಲಿನಲ್ಲಿ ಅದರ ಕಾಲುಭಾಗವೂ ಇರುವುದು ಕಷ್ಟ. ಕಾರ್ಖಾನೆಯವರು ಇದನ್ನು ಹೊರಗಿನಿಂದ ಬೆರೆಸುವುದುಂಟು. ಅದು ತಳದಲ್ಲಿ ಮಡ್ಡಿಯಾಗಿ ನಿಲ್ಲುವುದರಿಂದ ಪೊಟ್ಟಣವನ್ನು ಚೆನ್ನಾಗಿ ಕುಲುಕಿ ಬಗ್ಗಿಸಬೇಕು. ನಮ್ಮ ರಾಗಿಯಲ್ಲಿ 100 ಗ್ರಾಮಿಗೆ 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ಆದರೆ ಅದರ ಬಹುಭಾಗ ಸಿಪ್ಪೆಯಲ್ಲಿದ್ದು, ಹಾಲು ಸೋಸುವಾಗ ಚರಟದೊಡನೆ ಹೊರಟುಹೋಗುತ್ತದೆ. ಆದಕಾರಣ ಸೋಸಿದ ರಾಗಿಹಾಲಿಗಿಂತ ಇಡೀ ಹಿಟ್ಟಿನ ಅಂಬಲಿಯೇ ಲೇಸು.

ಎಲ್ಲಕ್ಕಿಂತ ಮುಖ್ಯವಾದುದು ಬಿ12 ಜೀವಸತ್ವ. ಇದು ಯಾವ ಕಾಳಿನಲ್ಲಿಯೂ, ಬೀಜದಲ್ಲಿಯೂ ಇಲ್ಲ. ಮಾಂಸ, ಮೊಟ್ಟೆಗಳನ್ನು ಮುಟ್ಟದ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆಗಳೇ ಇದರ ಆಧಾರ. ಅವನ್ನು ಬಿಟ್ಟ ಕೂಡಲೇ ಕೇಡು ಕಾಣದು. ಯಕೃತ್ತಿನಲ್ಲಿರುವ ಸಂಗ್ರಹ ಕೆಲವು ವರ್ಷಗಳ ಕಾಲ ಸಾಗಬಹುದು. ಅನಂತರ ರಕ್ತಹೀನತೆ, ಕೈಕಾಲುಗಳಲ್ಲಿ ಜುಮುಜುಮು, ಮರೆವು ತಲೆದೋರುತ್ತವೆ. ಗರ್ಭಿಣಿಯರಲ್ಲಿಯೂ ಮೊಲೆಯೂಡಿಸುವ ತಾಯಂದಿರಲ್ಲಿಯೂ ಈ ಕೊರತೆಯಿದ್ದರೆ ಕೂಸಿನ ಮಿದುಳಿನ ಬೆಳವಣಿಗೆಗೇ ಪೆಟ್ಟು. ಹಾಲನ್ನು ತೊರೆಯುವ ಸಸ್ಯಾಹಾರಿಗಳು ಬಿ12 ಬೆರೆಸಿದ ಪೇಯವನ್ನೋ ವೈದ್ಯರು ಸೂಚಿಸಿದ ಮಾತ್ರೆಯನ್ನೋ ತಪ್ಪದೆ ಸೇವಿಸತಕ್ಕದ್ದು.

ಹಾಗೆಂದು ಸಸ್ಯಜನ್ಯ ಪೇಯಗಳನ್ನು ಹಳಿಯಬೇಕಾಗಿಲ್ಲ. ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆಯುಬ್ಬರದಿಂದ ನರಳುವವರು ಅನೇಕರು. ಅವರಲ್ಲಿ ಹಲವರಿಗೆ ಮೊಸರು ಒಗ್ಗುತ್ತದೆ. ಅದೂ ಒಗ್ಗದವರಿಗೆ ಸೋಯಾ ಒಳ್ಳೆಯ ಆಸರೆ. ಹಾಲಿನ ಅಲರ್ಜಿ ಬೇರೆಯೇ ಸಂಗತಿ. ಅಂಥವರಿಗೆ ಮೊಸರೂ ವರ್ಜ್ಯ. ಮನೆಯಲ್ಲಿ ಸೋಯಾ ಹಾಲು ಮಾಡುವವರು ಕಾಳನ್ನು ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ಕುದಿಯುವ ನೀರಿನೊಡನೆ ಅರೆದರೆ ಹಸಿವಾಸನೆ ತಗ್ಗುತ್ತದೆ. ಸೋಸಿದ ಹಾಲನ್ನು ಮತ್ತೆ ಹದಿನೈದು ಇಪ್ಪತ್ತು ನಿಮಿಷ ಕಾಯಿಸಲೇಬೇಕು. ಹಸಿ ಸೋಯಾ ಜೀರ್ಣಕ್ಕೆ ಅಡ್ಡಿ.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ಹಾಲಿನ ಅಭಾವವಿದ್ದ ದಿನಗಳಲ್ಲಿ, ಕಡಲೆಕಾಯಿಯ ಸಸಾರಜನಕದಿಂದ 'ಮಿಲ್ಟೋನ್' ಎಂಬ ಪೇಯವನ್ನು ರೂಪಿಸಿದರು. ಅವರು ಹಾಲನ್ನು ಕೈಬಿಡಲಿಲ್ಲ. ಹಸು ಅಥವಾ ಎಮ್ಮೆಯ ಹಾಲಿನೊಡನೆ ಕಡಲೆಕಾಯಿಯ ಸತ್ವವನ್ನು ಬೆರೆಸಿ, ಇದ್ದ ಹಾಲನ್ನು ಹೆಚ್ಚು ಮಂದಿಗೆ ಹಂಚುವ ದಾರಿ ಹುಡುಕಿದರು.

ಮಕ್ಕಳ ವಿಷಯದಲ್ಲಂತೂ ಪ್ರಯೋಗ ಸಲ್ಲದು. ಮೊದಲ ಆರು ತಿಂಗಳು ತಾಯಿಯ ಹಾಲೇ ಸಾಕು. ವರ್ಷ ತುಂಬುವವರೆಗೆ ಹಸುವಿನ ಹಾಲಾಗಲಿ, ಬಾದಾಮಿ, ಓಟ್ಸ್ ಪೇಯಗಳಾಗಲಿ ಅದಕ್ಕೆ ಬದಲಿಯಲ್ಲ. ಆಮೇಲೆಯೂ ವೈದ್ಯರ ಸಲಹೆಯಿಲ್ಲದೆ ಮಗುವಿನ ಹಾಲಿನ ಬಟ್ಟಲನ್ನು ಬದಲಾಯಿಸದಿರುವುದೇ ವಿವೇಕ. ದೊಡ್ಡವರು ಪೊಟ್ಟಣ ಕೊಳ್ಳುವ ಮುನ್ನ ಅದರ ಬೆನ್ನಿನ ಮೇಲೆ ಸಸಾರಜನಕ, ಕ್ಯಾಲ್ಸಿಯಂ, ಬಿ12, ಬೆರೆಸಿದ ಸಕ್ಕರೆ ಎಂಬ ನಾಲ್ಕನ್ನು ಓದಿಕೊಂಡರೆ ಕೊಟ್ಟ ಹಣ ವ್ಯರ್ಥವಾಗದು.